ಥರ್ಮೋಸ್ಟಾಟ್ ಕಿತ್ತೆಸೆದರೆ ಬಸ್ಸು ತಣ್ಣಗಾಗುತ್ತದೆಯೇ?

2020ರಲ್ಲಿ ಕೆಎಸ್‌ಆರ್‌ಟಿಸಿ ತನ್ನ ಹಳೇ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ನಿಂತಲ್ಲೇ ನಿಲ್ಲುವ ಅಂಥ ಬಸ್ಸಿಗೆ ಎಂಜಿನ್ ಕಾಯುವ ಚಿಂತೆಯಿಲ್ಲ. ಚಿಂತೆಯೆಲ್ಲ ಹರಾಜಿನಲ್ಲಿ ಹಳೇ ಬಸ್ಸು ಕೊಂಡು, ಸೀಟು ಕಿತ್ತು, ಕ್ಯಾರವಾನ್ ಅಂತಲೋ ಸಂಚಾರಿ ಕ್ಯಾಂಟೀನ್ ಅಂತಲೋ ರಸ್ತೆಗಿಳಿಸಿದವರದು. ಊರೊಳಗೆ ಓಡಾಡುವಾಗ ಏನೂ ತೊಂದರೆಯಿಲ್ಲ. ಶಿರಾಡಿ ಘಾಟಿಯನ್ನೋ ಸಂಪಾಜೆ ಘಾಟಿಯನ್ನೋ ಹತ್ತತೊಡಗಿದಾಗ ಗೇಜಿನ ಮುಳ್ಳು ಕೆಂಪಿಗೆ ಹೋಗಿ ಕೂರುತ್ತದೆ. ಆಮೇಲೆ ಸಿಕ್ಕಿದವರೆಲ್ಲ ವೈದ್ಯರೇ. ಒಬ್ಬ ಥರ್ಮೋಸ್ಟಾಟ್ ತೆಗೆಸಿ ಎನ್ನುತ್ತಾನೆ, ಇನ್ನೊಬ್ಬ ಹೆಡ್ ಹೋಗಿದೆ ಎನ್ನುತ್ತಾನೆ, ಮತ್ತೊಬ್ಬ ಅರಿಶಿನ ಪುಡಿ ತರಿಸುತ್ತಾನೆ. ಯಾವಾಗ ಬಿಸಿಯಾಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಅದನ್ನೇ. ಉರಿದ ಡೀಸೆಲ್ಲಿನ ಶಾಖದಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ನೀರು ಹೊತ್ತು ಹೊರಹಾಕಬೇಕು. ಗಾಡಿ ನಿಂತು ಐಡಲ್‌ನಲ್ಲಿದ್ದಾಗ ಡೀಸೆಲ್ ಎಂಜಿನ್ ಕುಡಿಯುವ ಎಣ್ಣೆ ತೀರಾ ಕಡಿಮೆ, ಹಾಗಾಗಿ ಅದು ಸುಮ್ಮಸುಮ್ಮನೆ ಕಾಯುವುದಿಲ್ಲ. ನಿಂತಲ್ಲೇ ಕಾಯುತ್ತಿದ್ದರೆ ನೀರು ಕಡಿಮೆಯಿದೆ, ಬೆಲ್ಟು ಸಡಿಲವಿದೆ, ವಾಟರ್ ಪಂಪು ಅಥವಾ ಹೆಡ್ ಗ್ಯಾಸ್ಕೆಟ್ ಕೈಕೊಟ್ಟಿದೆ ಎಂದು ಅನುಮಾನಿಸಬಹುದು. ಮುಳ್ಳು ಟ್ರಾಫಿಕ್ಕಿನಲ್ಲಿ ಏರಿ ಹೈವೇಯಲ್ಲಿ ಇಳಿದರೆ ಫ್ಯಾನ್ ಕಡೆ ನೋಡಿ. ಏರಿನಲ್ಲಿ ಮತ್ತು ಸತತ ವೇಗದಲ್ಲಿ ಮಾತ್ರ ಏರಿದರೆ ರೇಡಿಯೇಟರ್ ಕಡೆ, ಅದಕ್ಕೆ ಸಿಗುವ ಗಾಳಿಯ ಕಡೆ. ಇಷ್ಟನ್ನು ಗಮನಿಸುವ ಮೊದಲೇ ಹೆಡ್ ಬಿಚ್ಚುವುದು ದುಡ್ಡಿಗೆ ದಂಡ.

“ಥರ್ಮೋಸ್ಟಾಟ್ ತೆಗೆದುಬಿಡಿ, ನಮ್ಮ ಸೆಖೆಗೆ ಅದೆಲ್ಲ ಬೇಕಿಲ್ಲ.” ಗ್ಯಾರೇಜುಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ ಇನ್ನೊಂದಿಲ್ಲ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲಿ ಎಂಜಿನ್ ಒಳಗೇ ಸುತ್ತುತ್ತಿರುತ್ತದೆ. 80 ಡಿಗ್ರಿಯ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ಒಳಗಿನ ಮೇಣ ಕರಗಿ ಉಬ್ಬಿ, ವಾಲ್ವ್ ರೇಡಿಯೇಟರ್ ದಾರಿ ತೆರೆಯುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಅದೇ ವಾಲ್ವಿನ ಇನ್ನೊಂದು ತುದಿ ಬೈಪಾಸ್ ಬಾಯಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಕಿತ್ತರೆ ಈ ಬಾಯಿ ಸದಾ ತೆರೆದೇ ಇರುತ್ತದೆ. ನೀರು ಸುಲಭದ ದಾರಿ ಹಿಡಿಯುತ್ತದೆ, ಒಂದು ಪಾಲು ರೇಡಿಯೇಟರ್ ಮುಖ ನೋಡದೆಯೇ ಮರಳಿ ಎಂಜಿನ್ನಿಗೆ ಬರುತ್ತದೆ. ಬಯಲಿನಲ್ಲಿ ಗಾಡಿ ಅತಿ ತಣ್ಣಗೆ ಓಡಿ ಆಯಿಲ್ ಕೆಡುತ್ತದೆ, ಲೈನರ್ ಸವೆಯುತ್ತದೆ. ಘಾಟಿಯಲ್ಲಿ ಮೊದಲಿಗಿಂತ ಬೇಗ ಕಾಯುತ್ತದೆ.

ತೆಗೆಯಬೇಡಿ ಎನ್ನುವವರು ಕೊಡುವ ಕಾರಣವೂ ಎಷ್ಟೋ ಸಲ ತಪ್ಪೇ. ನೀರು ಜೋರಾಗಿ ಹರಿದರೆ ರೇಡಿಯೇಟರ್‌ನಲ್ಲಿ ತಣ್ಣಗಾಗಲು ಪುರುಸೊತ್ತು ಸಿಗುವುದಿಲ್ಲ ಎನ್ನುತ್ತಾರೆ. ಹಾಗೇನಿಲ್ಲ, ಹರಿವು ಹೆಚ್ಚಿದಷ್ಟೂ ರೇಡಿಯೇಟರ್ ಹೆಚ್ಚು ಶಾಖ ಬಿಡುತ್ತದೆ. ತೊಂದರೆ ಇರುವುದು ಬೈಪಾಸ್‌ನಲ್ಲಿ. ಅನುಮಾನವಿದ್ದರೆ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಒತ್ತಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯತೊಡಗಿ, ಇನ್ನಷ್ಟು ಕಾದಾಗ ಪೂರ್ತಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ. ಬೋಲ್ಟು ಬಿಚ್ಚುವ ಸಮಯ ಬಿಟ್ಟರೆ ಅರ್ಧ ಗಂಟೆಯ ಕೆಲಸ.

“ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಯಿತು ಎಂದೇ ಅರ್ಥ.” ಕಾರಿನ ಮಟ್ಟಿಗೆ ಈ ಮಾತು ಬಹುಪಾಲು ನಡೆಯುತ್ತದೆ, ಬಸ್ಸಿಗೆ ನಡೆಯುವುದಿಲ್ಲ. ಬಸ್ಸಿನಲ್ಲಿ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಇರುತ್ತದೆ, ಅನೇಕ ಬಸ್ಸುಗಳಲ್ಲಿ ಅದರ ತಲೆಯನ್ನು ತಂಪಿಡುವುದೂ ಎಂಜಿನ್ನಿನ ನೀರೇ. ಅಲ್ಲಿನ ಗ್ಯಾಸ್ಕೆಟ್ ಬಿಟ್ಟರೆ ಒತ್ತಡದ ಗಾಳಿ ನೇರ ನೀರಿಗೆ ನುಗ್ಗುತ್ತದೆ. ಗುಳ್ಳೆ ಅದೇ, ಉಕ್ಕಿ ಹೊರಚೆಲ್ಲುವುದೂ ಅದೇ, ರಿಪೇರಿ ಖರ್ಚಿನಲ್ಲಿ ಮಾತ್ರ ಅಜಗಜಾಂತರ. ಪತ್ತೆ ಕಷ್ಟವಲ್ಲ. ರೇಡಿಯೇಟರ್ ಬಾಯಲ್ಲಿಟ್ಟು ಪರೀಕ್ಷಿಸುವ ನೀಲಿ ದ್ರವ ಸಿಗುತ್ತದೆ, ಸಿಲಿಂಡರಿನ ಹೊಗೆ ಸೋಕಿದರೆ ಅದರ ಬಣ್ಣ ಬದಲಾಗುತ್ತದೆ. ಕಂಪ್ರೆಸರ್‌ನಿಂದ ಬರುವುದು ಬರೀ ಗಾಳಿ, ಬಣ್ಣ ನೀಲಿಯಾಗಿಯೇ ಉಳಿಯುತ್ತದೆ. ದ್ರವ ಸಿಗದಿದ್ದರೆ ಕಂಪ್ರೆಸರ್‌ಗೆ ಹೋಗಿಬರುವ ಎರಡು ನೀರಿನ ಪೈಪುಗಳನ್ನು ಬಿಚ್ಚಿ, ಎಂಜಿನ್ ಕಡೆಯ ಬಾಯಿಗಳನ್ನು ಮುಚ್ಚಿ, ಕೆಲವೇ ನಿಮಿಷ ಓಡಿಸಿ ನೋಡಬಹುದು. ಗುಳ್ಳೆ ನಿಂತಿತೋ, ಹೆಡ್ ಬಿಚ್ಚುವ ಸಂಕಟ ತಪ್ಪಿತು.

ಅರಿಶಿನದ ವಿಷಯ ಬೇಗ ಮುಗಿಸಬಹುದು. ಪುಡಿ ಸಣ್ಣ ಸೋರಿಕೆಯನ್ನು ಮುಚ್ಚುವುದು ನಿಜ, ಮುಂದಿನ ಊರು ಮುಟ್ಟಲು ಸಾಕು. ಆದರೆ ಸೋರುವ ತೂತು ಯಾವುದು, ಹರಿಯಬೇಕಾದ ಕೊಳವೆ ಯಾವುದು ಎಂದು ಪುಡಿಗೆ ಗೊತ್ತಿಲ್ಲ.

ನೀರಿನ ಬಗ್ಗೆ ಎರಡು ಪಂಗಡಗಳಿವೆ. ಬೋರ್‌ವೆಲ್ ನೀರೇ ಸಾಕು ಎನ್ನುವವರು ಒಂದು ಕಡೆ, ಕೂಲೆಂಟ್ ಹೆಚ್ಚು ಸುರಿದಷ್ಟೂ ತಂಪು ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ತಪ್ಪು. ಶಾಖ ಹೊರುವುದರಲ್ಲಿ ನೀರೇ ಮೇಲು: ಒಂದು ಕೆಜಿ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಹೀರಿದರೆ, ಅಪ್ಪಟ ಎಥಿಲೀನ್ ಗ್ಲೈಕಾಲ್ ಹೀರುವುದು 2.4ರಷ್ಟೇ. ಕೂಲೆಂಟ್ ಬೇಕಿರುವುದು ಕುದಿಬಿಂದು ಏರಿಸಲು, ತುಕ್ಕು ತಡೆಯಲು, ಮತ್ತು ವೆಟ್ ಲೈನರ್ ಇರುವ ಡೀಸೆಲ್ ಎಂಜಿನ್‌ಗಳಲ್ಲಿ ಲೈನರಿನ ಹೊರಮೈಯಲ್ಲಿ ಏಳುವ ಸೂಜಿಮೊನೆಯಂಥ ಗುಳಿಗಳನ್ನು ತಡೆಯಲು. ಆ ಗುಳಿ ಆರಪಾರಾದರೆ ನೀರು ಸಿಲಿಂಡರಿಗೇ ಇಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಒಳಗೋಡೆಗೆ ಬಿಳಿ ಪದರ ಕಟ್ಟುತ್ತದೆ, ಆ ಪದರ ಶಾಖ ದಾಟಲು ಬಿಡುವುದಿಲ್ಲ. ಡಿಸ್ಟಿಲ್ಡ್ ನೀರು, ಅದರಲ್ಲಿ ಕಂಪನಿ ಹೇಳಿದ ಪ್ರಮಾಣದ ಕೂಲೆಂಟ್. ಅದಕ್ಕಿಂತ ಹೆಚ್ಚಿನ ಜಾಣತನ ಬೇಡ.

ಮುಚ್ಚಳವನ್ನಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಸಿಕ್ಕಿದ ಮುಚ್ಚಳ ತಿರುಗಿಸಿ ಬಿಡುತ್ತಾರೆ. ಕುಕ್ಕರಿನಂತೆ ಇಲ್ಲಿಯೂ ಒತ್ತಡವೇ ಕುದಿಬಿಂದುವನ್ನು ಮೇಲೆತ್ತುವುದು. ಬೆಂಗಳೂರಿನ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೆ ಕುದಿಯುತ್ತದೆ, ಊಟಿಯಲ್ಲಿ 93ರ ಹತ್ತಿರ. ಅರ್ಧ ಬಾರ್ ಒತ್ತಡ ತಡೆಯುವ ಮುಚ್ಚಳ ಅದೇ ನೀರನ್ನು ಊಟಿಯಲ್ಲೂ 106 ಡಿಗ್ರಿವರೆಗೆ ಕುದಿಯದಂತೆ ಹಿಡಿದಿಡುತ್ತದೆ. ಒಣಗಿ ಬಿರಿದ ರಬ್ಬರಿನ ಮುಚ್ಚಳದಿಂದ ಅದು ಸಾಧ್ಯವಿಲ್ಲ. ಎಂಜಿನ್ನಿನ ತಪ್ಪೇನೂ ಇಲ್ಲದೆ ನೀರು ಕುದಿದು ಚೆಲ್ಲಿಹೋಗುತ್ತದೆ.

“ಒಳಗೆ ಸಾಮಾನು ಜಾಸ್ತಿಯಾಯಿತು, ಅದಕ್ಕೇ ಏರಲ್ಲಿ ಕಾಯ್ತಿದೆ.” ಲೆಕ್ಕ ಹಾಕಿ ನೋಡಿ. ತಲೆಗೆ 65 ಕೆಜಿಯಂತೆ 50 ಜನರೆಂದರೆ 3,250 ಕೆಜಿ. ಬಸ್ಸು ಹಿಂದೆ ದಿನವೂ ಹೊತ್ತದ್ದು ಅಷ್ಟನ್ನು. 500 ಲೀಟರ್ ನೀರಿನ ಟ್ಯಾಂಕು ತುಂಬಿದರೂ ಅರ್ಧ ಟನ್ನು. ವೇ ಬ್ರಿಡ್ಜ್ ಮೇಲೆ ಒಮ್ಮೆ ಹತ್ತಿಸಿದರೆ ಅನುಮಾನ ಮುಗಿಯಿತು. ನನಗೆ ತೂಕಕ್ಕಿಂತ ಅನುಮಾನ ಇರುವುದು ಬಾಡಿ ಕಟ್ಟಿದವರ ಮೇಲೆ. ಚೆಂದಕ್ಕೆಂದು ಮುಂದಿನ ಗ್ರಿಲ್ಲನ್ನು ಅರ್ಧ ಮುಚ್ಚಿರುತ್ತಾರೆ, ಎಸಿ ಕಂಡೆನ್ಸರನ್ನು ರೇಡಿಯೇಟರ್ ಎದುರಿಗೇ ತಂದು ನಿಲ್ಲಿಸಿರುತ್ತಾರೆ, ಫ್ಯಾನ್ ಸುತ್ತಲಿನ ಶ್ರೌಡ್ ಅಡ್ಡಬಂತೆಂದು ಬಿಚ್ಚಿಟ್ಟಿರುತ್ತಾರೆ. ಎಲ್ಲಕ್ಕಿಂತ ಕಣ್ಣಿಗೆ ಬೀಳದ ತಪ್ಪು, ರೇಡಿಯೇಟರ್ ಅಕ್ಕಪಕ್ಕದ ಸಂದು ಮುಚ್ಚಿದ್ದ ತಗಡು ಮತ್ತು ರಬ್ಬರ್ ಪಟ್ಟಿಗಳನ್ನು ಮತ್ತೆ ಹಾಕದಿರುವುದು. ಆ ಸಂದಿನಿಂದ ಎಂಜಿನ್ ಕಡೆಯ ಬಿಸಿಗಾಳಿ ಸುತ್ತಿ ಬಂದು ಮತ್ತೆ ರೇಡಿಯೇಟರ್ ಮುಂದೆಯೇ ಸೇರುತ್ತದೆ, ಫ್ಯಾನ್ ಅದನ್ನೇ ಎಳೆಯುತ್ತದೆ. ಎಂಜಿನ್ ಓಡುವಾಗ ರೇಡಿಯೇಟರ್ ಮುಂದೆ ದಿನಪತ್ರಿಕೆಯ ಹಾಳೆ ಹಿಡಿದು ಅಂಚಿನಿಂದ ಅಂಚಿಗೆ ಸರಿಸಿ. ಎಲ್ಲ ಕಡೆ ಅದು ಒಳಕ್ಕೆ ಅಂಟಬೇಕು. ಅಂಚಿನಲ್ಲಿ ಹೊರಕ್ಕೆ ಹಾರಾಡಿದರೆ ಸಂದು ಅಲ್ಲೇ ಇದೆ.

ಗೇಜನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಅದು ಎಂಜಿನ್ ಬಿಸಿಯಲ್ಲ, ಬಾಡಿ ಕೆಲಸದಲ್ಲಿ ಕೆಟ್ಟ ಅರ್ತ್ ವೈರು. ಇನ್ನು ಏರಿದ್ದ ಮುಳ್ಳು ತಟ್ಟನೆ ಕೆಳಗಿಳಿದರೆ ಖುಷಿಪಡಬೇಡಿ. ನೀರು ಪೂರ್ತಿ ಹೋಗಿ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೂ ಹಾಗೆಯೇ ಆಗುತ್ತದೆ.

ಘಾಟಿಯಲ್ಲಿ ಗೇರ್ ಇಳಿಸಿದರೆ ಎಂಜಿನ್ ಕಿರುಚುತ್ತದೆ, ಇನ್ನಷ್ಟು ಕಾಯುತ್ತದೆ ಎಂಬ ಹೆದರಿಕೆಯಿಂದ ಮೇಲಿನ ಗೇರಿನಲ್ಲೇ ಎಳೆಸುವ ಚಾಲಕರಿದ್ದಾರೆ. ಪಂಪು, ಬೆಲ್ಟಿನ ಫ್ಯಾನು ಎರಡೂ ಎಂಜಿನ್ ಜೊತೆಗೇ ತಿರುಗುವವು. ಎಂಜಿನ್ ನಿಧಾನವಾದರೆ ಅವೂ ನಿಧಾನ. ಗೇರ್ ಇಳಿಸಿ, ಆಕ್ಸಿಲರೇಟರ್ ಹದವಾಗಿ ಒತ್ತಿ ಹತ್ತಿಸುವುದೇ ಸರಿ.

ಅಷ್ಟಾಗಿಯೂ ಮುಳ್ಳು ಕೆಂಪು ಮುಟ್ಟಿದರೆ ಕೂಡಲೇ ಕೀಲಿ ತಿರುಗಿಸಿ ಆಫ್ ಮಾಡಬೇಕೆಂಬುದು ಅರ್ಧ ಸತ್ಯ. ಬೆಲ್ಟು ಹರಿದಿದ್ದರೆ, ನೀರು ಚೆಲ್ಲಿದ್ದರೆ, ಆಯಿಲ್ ಒತ್ತಡ ಬಿದ್ದಿದ್ದರೆ ಆ ಕ್ಷಣವೇ ಆಫ್. ನೀರು, ಬೆಲ್ಟು ಎರಡೂ ಸರಿಯಿದ್ದರೆ ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಐಡಲ್‌ಗಿಂತ ತುಸು ಜೋರಾಗಿ ಎರಡು ಮೂರು ನಿಮಿಷ ಓಡಲು ಬಿಡಿ. ಮುಳ್ಳು ಇಳಿಯತೊಡಗುತ್ತದೆ. ಇಳಿಯದೆ ಇನ್ನೂ ಏರಿದರೆ ಮಾತ್ರ ನಿಲ್ಲಿಸಿ. ಮುಚ್ಚಳಕ್ಕೆ ಕೈ ಹಾಕುವುದು ಎಂಜಿನ್ ಚೆನ್ನಾಗಿ ಆರಿ, ಮೇಲಿನ ಹೋಸ್ ಪೈಪು ಹಿಸುಕಿದರೆ ಮೆತ್ತಗಾಗಿದೆ ಎನ್ನಿಸಿದ ಮೇಲೆ. ಆಗಲೂ ದಪ್ಪ ಗೋಣಿ ಹಾಕಿ ಮೊದಲ ಹಂತಕ್ಕಷ್ಟೇ ತಿರುಗಿಸಿ, ಉಸಿರು ಹೋಗಲು ಬಿಟ್ಟು, ಮುಚ್ಚಳ ತೆಗೆದು, ಎಂಜಿನ್ ಮತ್ತೆ ಚಾಲೂ ಮಾಡಿ, ಅದು ಓಡುತ್ತಿರುವಾಗಲೇ ನೀರನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಕಾದ ಹೆಡ್ಡಿಗೆ ಒಂದೇ ಸಲ ತಣ್ಣೀರು ಬಿದ್ದರೆ ಬಿರುಕು ಬಿಡುವುದುಂಟು.