ಅಪರೂಪವೋ, ವಿಚಿತ್ರವೋ? ಪದ ಆರಿಸುವ ಬಗೆ

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಹೊತ್ತಿಗೆ, ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬದ ನೆರಳು ಸ್ವಲ್ಪ ಹೊತ್ತು ಮಾಯವಾಗುತ್ತದೆ. ಸೂರ್ಯ ನೇರ ನೆತ್ತಿಯ ಮೇಲೆ ಬರುವುದೇ ಇದಕ್ಕೆ ಕಾರಣ. ಈ ‘ಶೂನ್ಯ ನೆರಳಿನ ದಿನ’ವನ್ನು ಅಪರೂಪದ ವಿದ್ಯಮಾನ ಎಂದು ಬಣ್ಣಿಸುವುದುಂಟು. ಪ್ರತಿವರ್ಷ ತಪ್ಪದೆ ಎರಡು ಸಲ ಬರುವುದು ಅಪರೂಪ ಹೇಗಾದೀತು? ಅದು ಸೋಜಿಗ.

ಮಾಮೂಲಿಯಲ್ಲದ ಸಂಗತಿಗಳಿಗೆ ಕನ್ನಡದಲ್ಲಿ ಹತ್ತಾರು ಪದಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಜಾರುತ್ತದೆ. ಬರೆಯುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸರಿಯಾದ ಪದ ಸಿಗುತ್ತದೆ.

ಎಷ್ಟು ಸಲ, ಎಷ್ಟು ಮಂದಿಗೆ?

ಬಹಳ ಕಾಲಕ್ಕೊಮ್ಮೆ ಕಾಣುವುದು ಅಪರೂಪ. ಮುನ್ನಾರಿನ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿದ್ದು ಮತ್ತೆ 2018ರಲ್ಲಿ ಅರಳಿತು. ತುಂಬ ದಿನ ಮನೆ ಕಡೆ ಬಾರದವರನ್ನು ‘ಏನ್ರೀ, ಅಪರೂಪ ಆಗ್ಬಿಟ್ರಿ’ ಎಂದು ಮಾತಾಡಿಸುವಾಗಲೂ ಇದೇ ಅರ್ಥ. ಸಂಖ್ಯೆಯಲ್ಲಿ ತೀರಾ ಕಡಿಮೆ ಎನ್ನಲು ‘ವಿರಳ’ ಹೆಚ್ಚು ಒಪ್ಪುತ್ತದೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ‘ಬಾಂಬೆ’ ರಕ್ತದ ಗುಂಪು ವಿರಳವಾದದ್ದು.

ನ್ಯಾಯಾಲಯದಲ್ಲಂತೂ ಈ ಅರ್ಥಕ್ಕೆ ಜೀವದ ತೂಕವಿದೆ. ಮರಣದಂಡನೆ ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಮಾತ್ರ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಹಿಂದೆ ಆಗಿತ್ತೇ?

ಅಪೂರ್ವ, ಅಭೂತಪೂರ್ವ ಎರಡರಲ್ಲೂ ‘ಪೂರ್ವ’ ಇದೆ. ‘ಅಪೂರ್ವ’ ಈಗ ಬಳಕೆಯಲ್ಲಿ ಸಡಿಲಗೊಂಡು ‘ಬಲು ಶ್ರೇಷ್ಠ’ ಎಂಬ ಅರ್ಥಕ್ಕೂ ಸಲ್ಲುತ್ತದೆ. ‘ಅಭೂತಪೂರ್ವ’ ಹಾಗಲ್ಲ. ಹಿಂದೆಂದೂ ಆಗಿರದಿದ್ದರೆ ಮಾತ್ರ ಅದನ್ನು ಬಳಸಬೇಕು. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ಮನೆಯೊಳಗೆ ಉಳಿದದ್ದು ಅಭೂತಪೂರ್ವ. ಪ್ರತಿ ಸಮಾವೇಶಕ್ಕೂ ‘ಅಭೂತಪೂರ್ವ ಬೆಂಬಲ’ ಎಂದು ಬರೆದರೆ ಪದ ಸವೆಯುತ್ತದೆ. ‘ಭಾರೀ ಬೆಂಬಲ’ ಸಾಕು.

ಹೇಗೆ ಬೇರೆ?

ತನ್ನದೇ ಗುಣದಿಂದ ಬೇರೆಯಾಗಿ ನಿಲ್ಲುವುದು ವಿಶಿಷ್ಟ. ನಂಜನಗೂಡು ರಸಬಾಳೆಯ ರುಚಿ, ಕಂಪು ವಿಶಿಷ್ಟ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಂಥದ್ದು ಇನ್ನೊಂದಿಲ್ಲ ಎಂದಾದರೆ ಅನನ್ಯ. ‘ಅತ್ಯಂತ ಅನನ್ಯ’ ಎನ್ನುವುದು ಸಲ್ಲದು, ಒಂದೇ ಇರುವುದಕ್ಕೆ ಹೆಚ್ಚು ಕಡಿಮೆ ಎಂಬುದಿಲ್ಲ.

ಸುತ್ತಲಿನದಕ್ಕೆ ಹೊಂದದ ಲಕ್ಷಣವಿದ್ದರೆ ವಿಲಕ್ಷಣ. ಉತ್ತರ ಕನ್ನಡದ ಯಾಣದಲ್ಲಿ ಹಸಿರು ಕಾಡಿನ ನಡುವೆ ಸೆಟೆದು ನಿಂತ ಕಡುಗಪ್ಪು ಸುಣ್ಣಕಲ್ಲಿನ ಶಿಖರಗಳನ್ನು ಹೀಗೆನ್ನಬಹುದು. ‘ವಿಚಿತ್ರ’ಕ್ಕೆ ಸಂಸ್ಕೃತದಲ್ಲಿ ‘ಬಗೆಬಗೆಯ ಬಣ್ಣದ’ ಎಂಬ ಅರ್ಥವೂ ಇದೆ. ಕನ್ನಡದ ಮಾತಿನಲ್ಲಿ ಮಾತ್ರ ಅದಕ್ಕೆ ಏನೋ ಸರಿಯಿಲ್ಲ ಎಂಬ ಛಾಯೆ ಅಂಟಿಕೊಂಡಿದೆ. ‘ಯಾಕೋ ವಿಚಿತ್ರವಾಗಿ ಆಡ್ತಿದಾನೆ’ ಎಂದಾಗ ಯಾರೂ ಅದನ್ನು ಮೆಚ್ಚುಗೆ ಎಂದುಕೊಳ್ಳುವುದಿಲ್ಲ.

‘ಅಸಹಜ’ವನ್ನು ಇನ್ನೂ ಎಚ್ಚರದಿಂದ ಬಳಸಬೇಕು. ಪೊಲೀಸ್ ದಾಖಲೆಯಲ್ಲಿ ‘ಅಸಹಜ ಸಾವು’ ಎಂದರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಆಗದ, ವಿಚಾರಣೆ ನಡೆಯಬೇಕಾದ ಸಾವು. ಬರೀ ಮಾಮೂಲಿಯಲ್ಲದ್ದನ್ನು ಹೇಳಲು ‘ಅಸಾಮಾನ್ಯ’ ಇದೆ.

ನಮಗೆ ಏನನ್ನಿಸಿತು?

ಅಚ್ಚರಿ, ಸೋಜಿಗ, ಬೆರಗು, ಅದ್ಭುತ ಇವು ವಸ್ತುವಿಗಿಂತ ನೋಡಿದವರ ಮನಸ್ಸನ್ನು ಹೇಳುತ್ತವೆ. ನಿರೀಕ್ಷೆ ಮೀರಿದಾಗ ಅಚ್ಚರಿ. ‘ಇದು ಹೇಗಾಯಿತು?’ ಎಂಬ ಕುತೂಹಲ ಬೆರೆತರೆ ಸೋಜಿಗ. ಮಾತು ನಿಂತುಹೋದರೆ ಬೆರಗು. ಅದ್ಭುತ ನವರಸಗಳಲ್ಲಿ ಒಂದು. ವಿಸ್ಮಯ ಅದರ ಸ್ಥಾಯಿಭಾವ. ಊಟ ಹಿಡಿಸಿದ್ದಕ್ಕೆಲ್ಲ ‘ಅದ್ಭುತ’ ಎಂದುಬಿಟ್ಟರೆ, ಗೋಲ್ ಗುಂಬಜ್‌ನ ಗುಮ್ಮಟದಲ್ಲಿ ನಮ್ಮ ಪಿಸುಮಾತು ಆಚೆ ತುದಿಯಲ್ಲಿ ಸ್ಪಷ್ಟವಾಗಿ ಕೇಳಿದಾಗ ಹೇಳಲು ಪದವೇ ಉಳಿಯದು.

ಮನುಷ್ಯರ ವಿಷಯದಲ್ಲಿ

‘ವಿಚಿತ್ರ ಕಾಯಿಲೆ’, ‘ವಿಚಿತ್ರ ಮಗು ಜನನ’ ಎಂಬ ತಲೆಬರಹಗಳು ಈಗಲೂ ಕಾಣುತ್ತವೆ. ಅದನ್ನು ಆ ಮಗುವಿನ ತಾಯಿಯೂ ಓದುತ್ತಾಳೆ. ಕಾಯಿಲೆ ಕೆಲವೇ ಮಂದಿಗೆ ಬರುತ್ತದೆ ಎಂಬುದಷ್ಟೇ ಅಲ್ಲಿನ ಸಂಗತಿ, ಅದಕ್ಕೆ ‘ಅಪರೂಪದ ಕಾಯಿಲೆ’ ಎಂದರೆ ಸಾಕು. ಕೇಂದ್ರ ಸರ್ಕಾರ 2021ರಲ್ಲಿ ಇಂಥ ಕಾಯಿಲೆಗಳಿಗೆಂದೇ ರಾಷ್ಟ್ರೀಯ ನೀತಿ ತಂದಿದೆ; ಅದೂ ಅವನ್ನು ಅಪರೂಪದ ಕಾಯಿಲೆಗಳೆಂದೇ ಕರೆಯುತ್ತದೆ. ಕಲ್ಲು, ಹೂವು, ನೆರಳಿಗೆ ಪದ ತಪ್ಪಿದರೆ ಅರ್ಥ ಕೆಡುತ್ತದೆ. ಮನುಷ್ಯರಿಗೆ ತಪ್ಪಿದರೆ ಮನಸ್ಸು ನೋಯುತ್ತದೆ. ಯಾರ ದೇಹಕ್ಕೂ, ಯಾರ ಕಾಯಿಲೆಗೂ ‘ವಿಚಿತ್ರ’ ಎಂಬ ಪದ ಬಳಸಬೇಡಿ.