ಹಾಲಿನ ಕಡಲು, ಮಳಲಿನ ಕೊಡ

ಯರಗಟ್ಟಿಯ ಎರೆಹೊಲದಲ್ಲಿ ನಿಂತವನಿಗೆ ಜೋಳದ ತೆನೆ, ಹತ್ತಿಯ ಬಿಳುಪು, ಅದರಾಚೆ ಬಯಲು ದಿಗಂತಗಳಲ್ಲದೆ ಮತ್ತೇನೂ ಕಾಣಿಸದು. ಆದರೂ ಇಲ್ಲಿಂದ ದಕ್ಷಿಣಕ್ಕೆ, ಸವದತ್ತಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯು ಬಯಲಿನ ಕೂಸಲ್ಲ, ಸಹ್ಯಾದ್ರಿಯ ಮಳೆಗಾಡಿನ ಕೂಸು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಉದ್ಭವಿಸಿ, ಪೂರ್ವಾಭಿಮುಖವಾಗಿ ಸುಮಾರು 300 ಕಿಲೋಮೀಟರು ನಡೆದು, ಕೂಡಲಸಂಗಮದಲ್ಲಿ ಅವಳು ಕೃಷ್ಣೆಯನ್ನು ಕೂಡುತ್ತಾಳೆ. ಅದೇ ತಾಲ್ಲೂಕಿನ ಭೀಮಗಡದ ಅರಣ್ಯದಲ್ಲಿ ಜನಿಸುವ ಮಹದಾಯಿಯಾದರೋ ಬೆನ್ನು ತಿರುಗಿಸಿ ಗೋವೆಯ ಕಡಲಿಗೆ ಇಳಿಯುತ್ತಾಳೆ. ಒಂದೇ ಕಾಡಿನ ಈ ಎರಡು ನೀರುಗಳ ಕುರಿತು ಜನರು ಹೇಳಿಕೊಂಡು ಬಂದ ಕಥೆಗಳು ಒಂದಕ್ಕೊಂದು ಉತ್ತರ ಕೊಡುವಂತಿವೆಯೆಂಬುದು ನನ್ನನ್ನು ಬಹುಕಾಲದಿಂದ ಕಾಡಿದ ವಿಷಯ.

ಮಲೆನಾಡಿನ ಜನ ಜಲಪಾತಕ್ಕೆ ಹೆಸರಿಡುವಾಗ ಕಿವಿಯನ್ನೂ ಕಣ್ಣನ್ನೂ ನಂಬಿದವರು. ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿಯು 116 ಮೀಟರು ಕೆಳಗೆ ಧುಮುಕುವ ಉಂಚಳ್ಳಿಯ ಅಬ್ಬಿಗೆ, 1845ರಲ್ಲಿ ಅದನ್ನು ಕಂಡ ಲಷಿಂಗ್ಟನ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಕಾಗದಪತ್ರಗಳಲ್ಲಿ ಅಂಟಿಕೊಂಡಿತು. ಅದರ ಭೋರ್ಗರೆತಕ್ಕೆ ಕಿವಿ ಕೆಪ್ಪಾದುದನ್ನು ಅನುಭವಿಸಿದ ಊರವರು ಮಾತ್ರ ಕೆಪ್ಪ ಜೋಗವೆಂದೇ ಕರೆದರು. ಯಾಣದ ಕರಿಬಂಡೆಗಳ ನಡುವೆ ಮೋಹಿನಿಯ ನಾಟ್ಯವನ್ನು ಅನುಕರಿಸಿ, ತನ್ನ ತಲೆಯ ಮೇಲೆ ತಾನೇ ಕೈಯಿರಿಸಿ ಭಸ್ಮಾಸುರನು ಸುಟ್ಟುಹೋದನೆಂಬ ಪುರಾಣವುಂಟಷ್ಟೆ. ಸಮೀಪದಲ್ಲೇ ಸುಣ್ಣಕಲ್ಲಿನ ಮೇಲೆ ಬೆಳ್ಳಗೆ ಜಾರುವ ನೀರಿಗೆ ವಿಭೂತಿ ಎಂಬ ಹೆಸರು ಬಂದುದು ಸಹಜವೇ ಆಗಿದೆ.

ಇವೆಲ್ಲಕ್ಕಿಂತ ಕೋಮಲವಾದ ಕಥೆ ದೂಧಸಾಗರದ್ದು. ಕ್ಯಾಸಲ್‌ರಾಕಿನಿಂದ ಗೋವೆಗೆ ಇಳಿಯುವ ರೈಲುದಾರಿಯಲ್ಲಿ, ಮಹದಾಯಿಯ ಕಣಿವೆಗೆ ಸೇರಿದ ಹೊಳೆಯೊಂದು ಸುಮಾರು 310 ಮೀಟರು ಎತ್ತರದಿಂದ ಮೆಟ್ಟಿಲುಮೆಟ್ಟಿಲಾಗಿ ಧುಮುಕುತ್ತದೆ. ಘಟ್ಟದ ಅರಮನೆಯ ರಾಜಕುಮಾರಿಯೊಬ್ಬಳು ಪ್ರತಿದಿನವೂ ಕಾಡಿನ ಸರೋವರದಲ್ಲಿ ಮಿಂದು, ಬಂಗಾರದ ಪಾತ್ರೆಯಲ್ಲಿ ಸಕ್ಕರೆ ಬೆರೆಸಿದ ಹಾಲನ್ನು ಕುಡಿಯುತ್ತಿದ್ದಳಂತೆ. ಒಂದು ದಿನ ಮರಗಳ ಮರೆಯಲ್ಲಿ ಒಬ್ಬ ರಾಜಪುತ್ರನು ತನ್ನನ್ನೇ ನೋಡುತ್ತಿರುವುದನ್ನು ಅರಿತು ಅವಳು ಲಜ್ಜೆಯಿಂದ ಕುಗ್ಗಲು, ಸಖಿಯರು ಪಾತ್ರೆಯ ಹಾಲನ್ನು ಅವಳ ಮುಂದೆ ಧಾರೆಯಾಗಿ ಸುರಿದು ತೆರೆಯೊಂದನ್ನು ನಿರ್ಮಿಸಿದರು. ಆ ತೆರೆ ಇಂದಿಗೂ ಇಳಿಯುತ್ತಲೇ ಇದೆ. ಬಂಡೆಯ ಮೆಟ್ಟಿಲುಗಳಿಗೆ ಅಪ್ಪಳಿಸಿದ ನೀರು ಅಸಂಖ್ಯ ಗುಳ್ಳೆಗಳಾಗಿ ಒಡೆದು, ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಮಳೆಗಾಲದಲ್ಲಿ ಅದು ಹಾಲಿನಂತೆ ತೋರುವುದು. ಇದನ್ನು ತಿಳಿದ ಮೇಲೂ ಕಥೆಯ ಕಾಂತಿ ಕಿಂಚಿತ್ತೂ ಕುಂದುವುದಿಲ್ಲ. ಎಮ್ಮೆಗಳನ್ನು ಮೇಯಿಸಿ ಹಾಲು ಹೈನುಗಳಿಂದಲೇ ಬಾಳುವ ಗೌಳಿಗರ ಹಟ್ಟಿಗಳು ಆ ಸುತ್ತಣ ಕಾಡುಗಳಲ್ಲಿವೆ. ಮಾನ ಕಾಯುವ ವಸ್ತುವಾಗಿ ಪೀತಾಂಬರವನ್ನಲ್ಲ, ಹಾಲನ್ನೇ ಆರಿಸಿಕೊಂಡ ಕಲ್ಪನೆ ಅಂಥ ಬದುಕಿಗೆ ಒಪ್ಪುವಂಥದೆಂದು ನನ್ನ ಎಣಿಕೆ.

ಇನ್ನು ನಮ್ಮ ಕಡೆಯ ನೀರು. ಜಮದಗ್ನಿಯ ಸತಿ ರೇಣುಕೆಯು ಮಲಪ್ರಭೆಯ ದಂಡೆಯಲ್ಲಿ ಹಸಿ ಮಳಲಿನಿಂದ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ, ನಿತ್ಯವೂ ನೀರು ಹೊರುತ್ತಿದ್ದಳೆಂದೂ, ಒಂದು ದಿನ ಗಂಧರ್ವನು ತನ್ನ ಸ್ತ್ರೀಯರೊಡನೆ ಜಲಕ್ರೀಡೆಯಾಡುವುದನ್ನು ಕಂಡು ಕ್ಷಣಮಾತ್ರ ಅವಳ ಚಿತ್ತ ಚಲಿಸಿತೆಂದೂ, ಒಡನೆ ಕೊಡ ಕರಗಿ ಹಾವು ಹರಿದುಹೋಯಿತೆಂದೂ ಈ ನಾಡಿನಲ್ಲಿ ತಿಳಿಯದ ಮಗುವಿಲ್ಲ. ಪಡುವಲ ಕಥೆಯಲ್ಲಿ ನೋಡಿದವನು ಪುರುಷ, ಮೀಯುವವಳು ಸ್ತ್ರೀ. ನೀರೇ ಹಾಲಾಗಿ ಅವಳನ್ನು ಮುಚ್ಚಿತು. ಮೂಡಲ ಕಥೆಯಲ್ಲಿ ನೋಡಿದವಳು ಸ್ತ್ರೀ. ಅವಳಿಗೆ ಯಾವ ತೆರೆಯೂ ಒದಗಲಿಲ್ಲ. ಕದ್ದು ನೋಡಿದ ರಾಜಪುತ್ರನಿಗೆ ಯಾವ ಶಾಪವೂ ತಟ್ಟಿದಂತೆ ಕೇಳಿಲ್ಲ. ರೇಣುಕೆಯಾದರೋ ಪತಿಯ ಕೋಪಕ್ಕೆ ಗುರಿಯಾಗಿ, ರೋಗಗ್ರಸ್ತಳಾಗಿ ಕಾಡು ಸೇರಿದಳು. ಈ ಅನ್ಯಾಯ ನಮ್ಮ ಹಳ್ಳಿಯ ಹೆಂಗಸರಿಗೆ ತಿಳಿಯದೆ ಹೋಗಿಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ‘ಉಧೋ ಉಧೋ’ ಎನ್ನುತ್ತ ಏಳುಕೊಳ್ಳದ ಎಲ್ಲಮ್ಮನ ಗುಡ್ಡಕ್ಕೆ ಹೊರಡುವವರು ಪೂಜಿಸುವುದು ಶಪಿಸಿದ ಋಷಿಯನ್ನಲ್ಲ, ಕೊಡ ಕರಗಿದವಳನ್ನು; ಜೋಗತಿಯರು ತಲೆಯ ಮೇಲೆ ಹೊತ್ತು ಕುಣಿಯುವುದೂ ಕೊಡವನ್ನೇ. ಎಕ್ಕಯ್ಯ ಜೋಗಯ್ಯರೆಂಬ ಸಿದ್ಧರ ಮಾತಿನಂತೆ ಜೋಗುಳಬಾವಿಯಲ್ಲಿ ಮಿಂದು ಅವಳು ಗುಣಹೊಂದಿದಳೆಂದು ಹೇಳುತ್ತಾರೆ; ಅದರಿಂದಲೇ ಯಾತ್ರಿಕರು ಇಂದಿಗೂ ಮೊದಲು ಅಲ್ಲಿ ಸ್ನಾನ ಮಾಡಿ, ಅನಂತರವೇ ಗುಡ್ಡದ ದಾರಿ ಹಿಡಿಯುತ್ತಾರೆ.