ಎರಡು ಕಂತಿನ ಪೊರೆ

ಓದುಗರೊಬ್ಬರು ಫೋಟೊ ಕಳಿಸಿದ್ದಾರೆ. ಮಗ ಡಬ್ಬಿಯಲ್ಲಿ ಸಾಕಿರುವ ಥಾಯ್ಲೆಂಡ್ ಮೂಲದ ಹುಳದ ಹಿಂಭಾಗ ಬಿಳಿಚಿಕೊಂಡಿದೆ, ಮುಂಭಾಗ ಮೊದಲಿನಂತೆಯೇ ಇದೆ. ರೋಗವೇ? ಪೊರೆ ಬಿಡುವ ಪ್ರಾಣಿ ಮನೆಗೆ ಕೆಡುಕು ಎಂದು ಅಜ್ಜಿ ಬೇರೆ ಹೇಳುತ್ತಿದ್ದಾರಂತೆ.

ಪೊರೆ ಬಿಡುವುದೇ ಅಪಶಕುನವಾದರೆ ಜಿರಲೆ, ಜೇಡ, ಹಲ್ಲಿ ಇರುವ ಯಾವ ಮನೆಯೂ ಉದ್ಧಾರವಾಗುತ್ತಿರಲಿಲ್ಲ! ಆದರೆ ಇದು ಪೊರೆ ಎಂದು ಗುರುತಿಸಿದ ಅಜ್ಜಿಯ ಕಣ್ಣು ಚುರುಕು.

ಚಿತ್ರದಲ್ಲಿರುವುದು ಕ್ಯೂಬಾರಿಸ್ ಕುಲದ ಐಸೋಪಾಡ್. ಹಳದಿ ಮೂತಿ ಆಟಿಕೆಯ ಬಾತುಕೋಳಿಯಂತೆ ಕಾಣುವುದರಿಂದ ಸಾಕುವವರು ಅದನ್ನು ‘ರಬ್ಬರ್ ಡಕ್ಕಿ’ ಎನ್ನುತ್ತಾರೆ. ನಮ್ಮ ಹೂಕುಂಡಗಳ ಅಡಿ ಓಡಾಡುವ ಬೂದು ಜೀವಿಗಳ ನೆಂಟ. ಕೀಟವಲ್ಲ, ಸಿಗಡಿ-ಏಡಿಗಳ ಬಳಗದ್ದು. ಉಸಿರಾಟದ ಅಂಗಗಳು ಹೊಟ್ಟೆಯಡಿಯಲ್ಲಿವೆ, ಅವಕ್ಕೆ ತೇವ ಬೇಕೇಬೇಕು. ಮಲೆನಾಡಿನ ದರಗಿನಲ್ಲಿ ಉಂಡೆಯಾಗುವ ದಪ್ಪ ಪ್ರಾಣಿಯೂ ಇದೇ ಎಂದು ಹಲವರು ನನ್ನೊಡನೆ ವಾದಿಸಿದ್ದಾರೆ. ಅದು ಆರ್ತ್ರೊಸ್ಫೇರಾ ಎಂಬ ಸಹಸ್ರಪದಿ. ಅನುಮಾನವಿದ್ದರೆ ಕಾಲು ಎಣಿಸಿ: ಬೆಳೆದ ಐಸೋಪಾಡಿಗೆ 14, ಸಹಸ್ರಪದಿಗೆ ಇನ್ನೂ ಎಷ್ಟೋ ಹೆಚ್ಚು.

ಈಗ ಪೊರೆಗೆ ಬರೋಣ. ಹಾವು ತಲೆಯಿಂದ ಬಾಲದವರೆಗೆ ಒಂದೇ ಸಲಕ್ಕೆ ಕಳಚುತ್ತದೆ. ಐಸೋಪಾಡಿನದು ಎರಡು ಕಂತು, ಹಿಂದಿನರ್ಧ ಮೊದಲು. ಅದರ ಚಿಪ್ಪು ಗಟ್ಟಿಯಾಗಿರುವುದು ಸುಣ್ಣದಿಂದ. ಚಿಪ್ಪಿನೊಡನೆ ಸುಣ್ಣವನ್ನೂ ಎಸೆದರೆ ದಿವಾಳಿ. ಆದ್ದರಿಂದ ಕಳಚುವ ಮುನ್ನವೇ ಹಿಂಭಾಗದ ಸುಣ್ಣವನ್ನು ಹೀರಿ, ಮುಂದಿನ ಕಾಲುಗಳ ನಡುವೆ, ಎದೆಯಡಿಯಲ್ಲಿ ಬಿಳಿ ಬಿಲ್ಲೆಗಳಾಗಿ ಕೂಡಿಡುತ್ತದೆ. ಹೂಕುಂಡದಡಿಯ ಬೂದು ಜೀವಿಯನ್ನು ಗಾಜಿನ ಮೇಲೆ ಬಿಟ್ಟು ಕೆಳಗಿನಿಂದ ನೋಡಿ, ಪೊರೆಯ ಸಮಯವಾಗಿದ್ದರೆ ಬಿಲ್ಲೆಗಳು ಬರಿಗಣ್ಣಿಗೇ ಕಾಣುತ್ತವೆ. ನನಗಂತೂ ಎಷ್ಟು ನೋಡಿದರೂ ಸಾಲದು. ಈ ಸುಣ್ಣ ಹರಳುಗಟ್ಟಿರುವುದಿಲ್ಲ, ಬೇಗ ಕರಗುತ್ತದೆ. ಹಿಂಭಾಗ ಕಳಚಿದ್ದೇ ತಡ, ಕರಗಿ ಹರಿದು ಅಲ್ಲಿನ ಎಳೆಯ ಚಿಪ್ಪನ್ನು ಗಟ್ಟಿಮಾಡುತ್ತದೆ. ಸುಮಾರು ಒಂದು ದಿನದ ಬಳಿಕ ಮುಂಭಾಗದ ಸರದಿ. ಕೊನೆಗೆ ಕಳಚಿದ ಪೊರೆಯನ್ನೂ ತಿಂದು ಲೆಕ್ಕ ಚುಕ್ತಾ ಮಾಡುತ್ತದೆ.

ಹಾಗಾಗಿ ಪೊರೆಯನ್ನು ಎತ್ತಿ ಹಾಕಬೇಡಿ, ಆ ಹೊತ್ತಿನಲ್ಲಿ ಪ್ರಾಣಿಯನ್ನು ಮುಟ್ಟಲೂಬೇಡಿ. ಹೆದರಬೇಕಾದದ್ದು ಬಿಳುಪಿಗಲ್ಲ, ಹೊಳೆಯುವ ನೀಲಿ-ನೇರಳೆಗೆ. ಅದು ಒಂದು ವೈರಸ್ಸಿನ ಕೆಲಸ. ಅಪರೂಪದ ಬಣ್ಣ ಸಿಕ್ಕಿತೆಂದು ಹಿಗ್ಗಿದವರ ಡಬ್ಬಿಯಲ್ಲಿ ಸಾವು ಶುರುವಾಗಿರುತ್ತದೆ.

ಸಾಕುವುದು ಕಷ್ಟವಲ್ಲ: ತರಗೆಲೆ, ಲಡ್ಡಾದ ಕಟ್ಟಿಗೆ, ಒಂದು ಬದಿ ತೇವ, ಸುಣ್ಣಕಲ್ಲಿನ ಚೂರು. ಮರಿಗಾಗಿ ಮಾತ್ರ ಕಾಯಬೇಕು. ತಾಯಿ ಎದೆಯಡಿಯ ನೀರುಚೀಲದಲ್ಲಿ ಮೊಟ್ಟೆ ಹೊರುತ್ತಾಳೆ. ಹೊರಬರುವ ಮರಿಗಳಿಗೆ 12 ಕಾಲು, ಕೊನೆಯ ಜೋಡಿ ಆಮೇಲೆ. ರಬ್ಬರ್ ಡಕ್ಕಿಯ ಸಂಸಾರ ಬೆಳೆಯುವುದು ನಿಧಾನ, ಅದಕ್ಕೇ ಬೆಲೆ ದುಬಾರಿ, ಅದಕ್ಕೇ ಕಾಡಿನಿಂದ ಹಿಡಿದು ತಂದು ಮಾರುವ ಆಸೆ. ಕೊಳ್ಳುವಾಗ ಡಬ್ಬಿಯಲ್ಲೇ ಹುಟ್ಟಿದ್ದೇ ಎಂದು ಕೇಳಿ. ಮಾರಾಟದಲ್ಲಿರುವ ಎಷ್ಟೋ ಕ್ಯೂಬಾರಿಸ್‌ಗಳಿಗೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲ. ಅವುಗಳಿಗೆ ಸುಣ್ಣ ಕೊಡುವ ಥಾಯ್ ಗುಡ್ಡಗಳ ಮೇಲೆ ಸಿಮೆಂಟಿನವರ ಕಣ್ಣೂ ಇದೆ.